ಒಂದು ಪದದ ಬೆನ್ನು ಹತ್ತಿ: ವಚನ ಸಂಚಯ ಮತ್ತು ಅದರ ಜೊತೆಯ ತಾಣಗಳು, ಹತ್ತು ವರ್ಷದ ಬಳಕೆಯ ನಂತರ

“ಸರ್, ‘ಕಾಯಕವೇ ಕೈಲಾಸ’ ಬಸವಣ್ಣನವರ ಎಷ್ಟನೆಯ ವಚನ?”

ಬಸವ ಜಯಂತಿಯ ಹಿಂದಿನ ದಿನ ಬಿ.ಎ. ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಕಾಲೇಜಿನ ಫಲಕದಲ್ಲಿ ಬರೆಯಬೇಕಿತ್ತು, ಅಡಿಯಲ್ಲಿ ವಚನದ ಸಂಖ್ಯೆಯನ್ನೂ ಹಾಕಬೇಕೆಂಬುದು ಅವಳ ಆಸೆ. ನಾಳೆ ಹೇಳುತ್ತೇನೆ ಎಂದೆ. ನಾನು ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಊರೊಂದರಲ್ಲಿ ಕನ್ನಡ ಪಾಠ ಮಾಡುವವನು. ಸಮಗ್ರ ವಚನ ಸಂಪುಟದ 15 ಸಂಪುಟಗಳಲ್ಲಿ ನಮ್ಮ ಗ್ರಂಥಾಲಯದಲ್ಲಿದ್ದದ್ದು 4. ಅದೃಷ್ಟಕ್ಕೆ ಬಸವಣ್ಣನವರ ಸಂಪುಟ ಇತ್ತು. ಸುಮಾರು 1,400 ವಚನಗಳು. ರಾತ್ರಿ ಹನ್ನೊಂದರವರೆಗೆ ಹಾಳೆ ತಿರುವಿದರೂ ಆ ಸಾಲು ಸಿಗಲಿಲ್ಲ. ಆಗ ಗೆಳೆಯರೊಬ್ಬರು ಹಿಂದೊಮ್ಮೆ ಹೇಳಿದ್ದ ವಚನ ಸಂಚಯ ತಾಣ ನೆನಪಾಯಿತು. ಮೊಬೈಲಿನಲ್ಲಿ ತೆರೆದು ‘ಕಾಯಕವೇ’ ಎಂದು ಹುಡುಕಿದೆ, ನಂತರ ‘ಕಾಯಕವೆ’ ಎಂದು, ನಂತರ ಬರೀ ‘ಕಾಯಕ’ ಎಂದು. ಸಾಲು ಸಿಕ್ಕಿತು. ಸಿಕ್ಕಿದ್ದು ಆಯ್ದಕ್ಕಿ ಮಾರಯ್ಯನ ಹೆಸರಿನಡಿ, ಅಮರೇಶ್ವರಲಿಂಗ ಅಂಕಿತದಲ್ಲಿ. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಮುಂದೆ ನಿಂತಿದ್ದರೂ ಹಂಗು ಹರಿಯಬೇಕು ಎನ್ನುವ ವಚನ ಅದು. ‘ಕಾಯಕವೇ ಕೈಲಾಸವಾದ ಕಾರಣ’ ಎನ್ನುವುದು ಅದರ ಕೊನೆಯ ಭಾಗದಲ್ಲಿ ಬರುತ್ತದೆ.

ಬಿದ್ದ ಅಕ್ಕಿ ಆಯ್ದು ಬದುಕಿದವನ ಮಾತನ್ನು ನಾನು ಅಷ್ಟು ವರ್ಷ ಬಸವಣ್ಣನವರ ಬಾಯಲ್ಲಿ ಇಟ್ಟು ಪಾಠ ಹೇಳಿದ್ದೆ. ಮರುದಿನ ಫಲಕದಲ್ಲಿ ಮಾರಯ್ಯನ ಹೆಸರು ಬಂತು. ಅಂದಿನಿಂದ ಈ ತಾಣವನ್ನು ವಾರಕ್ಕೆ ಎರಡು ಮೂರು ಸಲವಾದರೂ ತೆರೆಯುತ್ತಿದ್ದೇನೆ. ಮಧ್ಯಕಾಲದ ಕನ್ನಡವನ್ನು ಓದಲು ಬಳಸುವ ಬೇರೆ ತಾಣಗಳೂ ಒಂದೊಂದಾಗಿ ಜೊತೆಗೂಡಿವೆ. ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ದೂರವಿರುವ ನನ್ನಂಥವರಿಗೆ ಇವು ಎಷ್ಟು ದೂರ ಕರೆದೊಯ್ಯುತ್ತವೆ, ಎಲ್ಲಿ ಕೈಬಿಡುತ್ತವೆ ಎಂಬುದನ್ನು ಹೇಳಲು ಈ ಬರಹ.

ವಚನ ಸಂಚಯದಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ. ಇದನ್ನು ಬರೀ ವಚನಗಳ ಭಂಡಾರವೆಂದು ಬಳಸಿದರೆ ಅರ್ಧ ಲಾಭವೂ ಸಿಗದು. ಇದರ ಜೀವ ಇರುವುದು ಪದಪ್ರಯೋಗ ಕೋಶದಲ್ಲಿ. ಒಂದು ಪದವನ್ನು ಆರಿಸಿದರೆ ಅದು ಯಾವ ಯಾವ ವಚನಕಾರರಲ್ಲಿ, ಯಾವ ಯಾವ ಸಾಲಿನಲ್ಲಿ ಬಂದಿದೆ ಎಂಬುದು ಕಣ್ಣ ಮುಂದೆ ಬರುತ್ತದೆ. ಹಿಂದಿನ ತಲೆಮಾರಿನ ವಿದ್ವಾಂಸರು ಇಂಥ ಕೆಲಸಕ್ಕೆ ಚೀಟಿಗಳ ಮೇಲೆ ಚೀಟಿ ಬರೆದಿಡುತ್ತಿದ್ದರು. ಈಗ ಆ ಶ್ರಮ ತಪ್ಪಿದೆ, ಪಟ್ಟಿಯನ್ನು ಓದುವ ಶ್ರಮ ಮಾತ್ರ ನಮ್ಮದು.

‘ಕಾಯಕ’ದ ಪಟ್ಟಿಯನ್ನೇ ಹೇಳುತ್ತೇನೆ, ಏಕೆಂದರೆ ಅದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಕಣ್ಣಿಗೆ ಮೊದಲು ಕಟ್ಟಿದ್ದು, ಆ ಪದದ ಬಿಸಿ ಇರುವುದು ನಾವು ಪಠ್ಯದಲ್ಲಿ ದೊಡ್ಡ ಜಾಗ ಕೊಡದ ವಚನಕಾರರಲ್ಲಿ ಎಂಬುದು. ಹಗ್ಗ ಹೊಸೆಯುವ ನುಲಿಯ ಚಂದಯ್ಯನಿಗೆ ಗುರುವಾದರೂ ಲಿಂಗವಾದರೂ ಕಾಯಕದಿಂದಲೇ ಬಿಡುಗಡೆ. ಮಾರಯ್ಯನ ಹೆಂಡತಿ ಲಕ್ಕಮ್ಮ ‘ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ’ ಎಂದು ಗಂಡನನ್ನು ಎಬ್ಬಿಸಿ ಕಳಿಸುತ್ತಾಳೆ. ಇವರನ್ನೆಲ್ಲ ಬಿಡಿಬಿಡಿಯಾಗಿ ಓದಿದ್ದೆ. ಒಂದೇ ಪದದ ನೂಲಿನಲ್ಲಿ ಪೋಣಿಸಿ ನೋಡಿದಾಗ ಆ ಮಾತು ದೊಡ್ಡವರಿಂದ ಕೆಳಗಿಳಿದ ಉಪದೇಶದಂತೆ ಕೇಳಲಿಲ್ಲ, ದುಡಿಯುವವರು ತಮ್ಮತಮ್ಮೊಳಗೆ ಆಡಿಕೊಂಡ ಮಾತಿನಂತೆ ಕೇಳಿತು. ಒಬ್ಬ ವಚನಕಾರನ ಸಂಪುಟವನ್ನು ಎಷ್ಟು ಸಲ ಓದಿದರೂ ನನಗೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಆದರೆ ಕನ್ನಡದಲ್ಲಿ ಪದ ಹುಡುಕುವುದು ಇಂಗ್ಲಿಷಿನಲ್ಲಿ ಹುಡುಕಿದ ಹಾಗಲ್ಲ. ನಮ್ಮ ಪದಗಳು ವಿಭಕ್ತಿ ಹೊತ್ತು ಬರುತ್ತವೆ, ಸಂಧಿಯಲ್ಲಿ ಬೆಸೆದುಕೊಂಡು ಬರುತ್ತವೆ. ಕಾಯಕ, ಕಾಯಕವ, ಕಾಯಕಕ್ಕೆ, ಕಾಯಕದಿಂದಲೆ, ಕಾಯಕವೆಂದು: ಯಂತ್ರಕ್ಕೆ ಇವು ಐದು ಬೇರೆ ಪದ. ಮೊದಮೊದಲು ಒಂದೇ ರೂಪದ ಎಣಿಕೆ ನೋಡಿ ‘ಇಷ್ಟೇ ಸಲ ಬಂದಿದೆ’ ಎಂದು ಟಿಪ್ಪಣಿ ಬರೆದುಕೊಂಡಿದ್ದೆ, ಆಮೇಲೆ ಅದನ್ನೆಲ್ಲ ಹೊಡೆದುಹಾಕಬೇಕಾಯಿತು. ಈಗ ಒಂದು ಪದ ಕೈಗೆತ್ತಿಕೊಂಡರೆ ಮೊದಲು ಏಳೂ ವಿಭಕ್ತಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ‘ಆದರೆ’ಯನ್ನು ‘ಆದಡೆ’ ಎಂದೂ ಹುಡುಕುತ್ತೇನೆ. ಅಂಕಿತಗಳಲ್ಲಿ ಇನ್ನೂ ಎಚ್ಚರ ಬೇಕು. ಬಸವಣ್ಣನವರದು ಕೂಡಲಸಂಗಮದೇವ, ಕೂಡಲಸಂಗಯ್ಯ ಎಂದೂ ಬರುತ್ತದೆ. ಚೆನ್ನಬಸವಣ್ಣನದು ಕೂಡಲಚೆನ್ನಸಂಗಯ್ಯ. ‘ಕೂಡಲ’ ಎಂದಷ್ಟೇ ಹುಡುಕಿದರೆ ಮಾವನೂ ಅಳಿಯನೂ ಒಟ್ಟಿಗೇ ಬರುತ್ತಾರೆ.

ಇನ್ನೊಂದು ಮಾತನ್ನು ಹೊಸದಾಗಿ ಸಂಶೋಧನೆಗೆ ಇಳಿಯುವವರಿಗೆ ಒತ್ತಿ ಹೇಳಬೇಕು. ತೆರೆಯ ಮೇಲೆ ಕಾಣುವ ಸಾಲು 12ನೆಯ ಶತಮಾನದಿಂದ ನೇರವಾಗಿ ಇಳಿದು ಬಂದದ್ದಲ್ಲ. ವಚನಗಳ ಓಲೆಪ್ರತಿಗಳು ಬಹುಮಟ್ಟಿಗೆ 15ನೆಯ ಶತಮಾನದಿಂದ ಈಚಿನವು. ಫ.ಗು. ಹಳಕಟ್ಟಿಯವರು ಆ ಓಲೆಗರಿಗಳನ್ನು ಊರೂರು ಅಲೆದು ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತರುವವರೆಗೆ ಹೆಚ್ಚಿನವು ಮಠ ಮನೆಗಳ ಜಂತೆಯಲ್ಲೇ ಇದ್ದವು. ಒಂದು ಸಾಲಿನ ಹಿಂದೆ ಹಲವು ಪಾಠಗಳಿರಬಹುದು. ಪ್ರಬಂಧದಲ್ಲಿ ಉಲ್ಲೇಖಿಸುವ ಮುನ್ನ ಅಚ್ಚಾದ ಸಂಪುಟವನ್ನು ನೋಡಿಯೇ ಬರೆಯಬೇಕು. ತಾಣ ನನಗೆ ದಾರಿ ತೋರಿಸುತ್ತದೆ, ಸಾಕ್ಷಿ ಹೇಳಬೇಕಾದದ್ದು ಸಂಪುಟ.

ಹಳಗನ್ನಡ ನಡುಗನ್ನಡದ ಪದಕ್ಕೆ ಅರ್ಥ ಬೇಕೆಂದರೆ ನಾನು ಮೊದಲು ಅಲರ್ ತೆರೆಯುತ್ತೇನೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು, 2019ರಿಂದ ಎಲ್ಲರಿಗೂ ಮುಕ್ತವಾಗಿದೆ. ಸುಮಾರು 1,50,000 ಪದಗಳು. ತಟಕ್ಕನೆ ತೆರೆದುಕೊಳ್ಳುತ್ತದೆ, ಜಾಹೀರಾತಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಅಲ್ಲಿಂದ ಮುಂದಕ್ಕೆ 1894ರ ಕಿಟೆಲ್ ನಿಘಂಟು, ಅಂತರಜಾಲ ಭಂಡಾರದಲ್ಲಿ (ಇಂಟರ್ನೆಟ್ ಆರ್ಕೈವ್) ಇಡಿಯಾಗಿ ಸಿಗುತ್ತದೆ. ಪದ ತಮಿಳು ತುಳುಗಳಲ್ಲಿ ಹೇಗಿದೆ ಎಂದು ನೋಡಲು ಷಿಕಾಗೊ ವಿಶ್ವವಿದ್ಯಾಲಯದ ತಾಣದಲ್ಲಿರುವ ಬರೊ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶ. ಈ ಮೂರರ ಬಗ್ಗೆ ನನಗೆ ಹೆಚ್ಚು ಹೇಳುವುದಕ್ಕಿಲ್ಲ, ಇವಿಲ್ಲದೆ ನನ್ನ ದಿನ ನಡೆಯುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಶಾಸನಗಳ ಕಥೆ ಬೇರೆ. ಅಲ್ಲಿ ಸುಖವೂ ಕಷ್ಟವೂ ಒಟ್ಟಿಗೇ ಇವೆ.

ಬಿ.ಎಲ್. ರೈಸ್ 1886ರಿಂದ 1905ರವರೆಗೆ ಹೊರತಂದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳು ಈಗ ಮೊಬೈಲಿಗೆ ಇಳಿಯುತ್ತವೆ. ನನ್ನ ನೆಲದ ಸಂಪುಟ 1902ರ ಏಳನೆಯದು, ಶಿಕಾರಿಪುರ ತಾಲ್ಲೂಕು ಅದರಲ್ಲಿದೆ. ಆ ತಾಲ್ಲೂಕಿನ 102ನೆಯ ಶಾಸನ ಬಳ್ಳಿಗಾವಿಯ ಕೋಡಿಯ ಮಠದ್ದು, 1162ರದು, ಬಿಜ್ಜಳನ ಕಾಲದ್ದು. ಅದನ್ನು ಬಳ್ಳಿಗಾವಿಯಲ್ಲೇ ಓದಬೇಕೆಂದು ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಕೇದಾರೇಶ್ವರ ದೇಗುಲದ ಅಂಗಳದಲ್ಲಿ ನೆರಳು ನೋಡಿ ಕುಳಿತು ಮೊಬೈಲು ತೆರೆದೆ. ನಾಲ್ಕು ವೇದ, ಪಾಣಿನಿಯ ವ್ಯಾಕರಣ, ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಪುರಾಣ, ಕಾವ್ಯ, ನಾಟಕಗಳನ್ನು ಓದುವ ಸ್ಥಾನ ಎಂದು ಪಟ್ಟಿ ಬೆಳೆಯುತ್ತ ಹೋಗುತ್ತದೆ. ಹಾಗೆಯೇ ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ಕೊಡುವ ಸ್ಥಾನ, ರೋಗಿಗಳಿಗೆ ಮದ್ದು ಕೊಡುವ ಸ್ಥಾನ. ಕಲ್ಯಾಣದ ಶರಣರು ಮಾತಾಡುತ್ತಿದ್ದ ಹೊತ್ತಿನಲ್ಲೇ, ಅದೇ ಅರಸನ ಆಳ್ವಿಕೆಯಲ್ಲಿ, ಅಲ್ಲಮನ ಹುಟ್ಟೂರೆಂದು ಹೇಳುವ ಈ ಊರಿನಲ್ಲಿ ಕಾಳಾಮುಖರೆಂಬ ಶೈವ ಪಂಥದವರ ಮಠವೊಂದು ಹೀಗೆ ನಡೆಯುತ್ತಿತ್ತು. ಒಂದು ಕಿಟಕಿಯಲ್ಲಿ ಶಾಸನ, ಇನ್ನೊಂದರಲ್ಲಿ ಅಲ್ಲಮನ ವಚನಗಳು, ಎದುರಿಗೆ ಆ ಕಲ್ಲಿನ ಕಂಬಗಳು. ಮೂವತ್ತು ವರ್ಷದ ಓದಿನಲ್ಲಿ ಅಂಥ ಮಧ್ಯಾಹ್ನ ನನಗೆ ಇನ್ನೊಂದಿಲ್ಲ.

ಇನ್ನು ಕಷ್ಟ. ರೈಸ್ ಸಂಪುಟದಲ್ಲಿ ಇಂಗ್ಲಿಷ್ ಅನುವಾದ ಒಂದು ಕಡೆ, ರೋಮನ್ ಲಿಪಿಯ ಪಾಠ ಇನ್ನೊಂದು ಕಡೆ, ಕನ್ನಡ ಲಿಪಿಯ ಪಾಠ ಮತ್ತೊಂದು ಕಡೆ ಇರುತ್ತವೆ. ಒಂದೇ ಶಾಸನಕ್ಕೆ ನೂರಾರು ಪುಟ ಆಚೆ ಈಚೆ ಹಾರಬೇಕು. ನಾನು ಪ್ರತಿ ತಾಲ್ಲೂಕು ಮೂರೂ ಕಡೆ ಎಲ್ಲಿ ಶುರುವಾಗುತ್ತದೆ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ, ಅದಿಲ್ಲದೆ ಕೆಲಸ ಸಾಗದು. ಹುಡುಕಾಟವೂ ಅರ್ಧಂಬರ್ಧ. ಇಂಗ್ಲಿಷ್ ಭಾಗದಲ್ಲಿ ಅಕ್ಷರ ಗುರುತಿಸುವ ತಂತ್ರಾಂಶ ಪರವಾಗಿಲ್ಲ, ಆದರೆ ದೀರ್ಘಸ್ವರದ ಮೇಲಿನ ಗೀಟು, ‘ಟ’ ‘ಡ’ಗಳ ಕೆಳಗಿನ ಚುಕ್ಕೆ ಬಂದಲ್ಲಿ ಎಡವುತ್ತದೆ. ಕನ್ನಡ ಭಾಗದಲ್ಲಿ ಒತ್ತಕ್ಷರ, ಅರ್ಕಾವತ್ತು ಹೆಚ್ಚಾದಂತೆ ತಪ್ಪೂ ಹೆಚ್ಚು. ಹಳಗನ್ನಡದ ಱ ಮತ್ತು ೞ ಬಂದರಂತೂ ಬೇರೆ ಯಾವುದೋ ಅಕ್ಷರವೆಂದು ಓದಿಬಿಡುತ್ತದೆ. ಊರಿನ ಹೆಸರೂ ಒಂದೇ ತೆರನಾಗಿಲ್ಲ: ಬಳ್ಳಿಗಾವೆ, ಬಳ್ಳಿಗ್ರಾಮ, ಬೆಳಗಾಮೆ ಎಂದೆಲ್ಲ ಹುಡುಕಬೇಕು. ಹುಡುಕಿ ಸಿಗದಿದ್ದರೆ ‘ಇಲ್ಲ’ ಎಂದು ತೀರ್ಮಾನಿಸಬಾರದು, ಪುಟ ಪುಟ ಓದಬೇಕು.

ಅದಕ್ಕಿಂತ ದೊಡ್ಡ ತೊಡಕು ಕಾಣಲು ನನಗೆ ಮೂರು ನಾಲ್ಕು ವರ್ಷ ಬೇಕಾಯಿತು. ಎಪಿಗ್ರಾಫಿಯಾ ಕರ್ನಾಟಿಕ ಎಂಬ ಹೆಸರು ಕೇಳಿ ಇಡೀ ಕರ್ನಾಟಕ ಅದರಲ್ಲಿದೆ ಎಂದುಕೊಂಡಿದ್ದೆ. ರೈಸ್ ನೋಡಿದ್ದು ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗು. ಬಸವಣ್ಣನವರ ಮನೆತನವನ್ನು ಹೆಸರಿಸುವ 1260ರ ಅರ್ಜುನವಾಡದ ಶಾಸನವನ್ನು ಅದರಲ್ಲಿ ವಾರಗಟ್ಟಲೆ ಹುಡುಕಿದೆ. ಬೆಳಗಾವಿ ಕಡೆಯ ಊರು ಅದು, ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಸೀಮೆಯ ಶಾಸನಗಳಿಗೆ ಎಪಿಗ್ರಾಫಿಯಾ ಇಂಡಿಕ ನೋಡಬೇಕು, ಇಲ್ಲವೇ ದಕ್ಷಿಣ ಭಾರತದ ಶಾಸನಗಳು ಮಾಲೆಯ 11ನೆಯ ಸಂಪುಟದಿಂದ ಶುರುವಾಗುವ ಮುಂಬಯಿ ಕರ್ನಾಟಕದ ಸಂಪುಟಗಳನ್ನು ತೆರೆಯಬೇಕು. ಕಲ್ಯಾಣ ಇದ್ದದ್ದು ನಿಜಾಮರ ಸೀಮೆಯಲ್ಲಿ, ಅದರ ಶಾಸನಗಳ ದಾರಿ ಮತ್ತೊಂದು. ರಾಜ್ಯ ಒಂದಾದದ್ದು 1956ರಲ್ಲಿ, ಆದರೆ ನಮ್ಮ ಪಿಡಿಎಫ್‌ಗಳು ಇವತ್ತಿಗೂ ಹಳೆಯ ಗಡಿಗಳಲ್ಲೇ ಕುಳಿತಿವೆ. ಇವನ್ನೆಲ್ಲ ಒಂದೇ ಹುಡುಕಾಟದ ಕಿಟಕಿಗೆ ತರುವ ಕೆಲಸ ಯಾರಾದರೂ ಮಾಡಲಿ ಎಂಬುದು ನನ್ನ ದೊಡ್ಡ ಆಸೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಅಲ್ಲಿನ ಶಾಸನಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿರುವುದನ್ನು ನೋಡಿದಾಗ ಆ ಆಸೆಗೆ ಬಲ ಬರುತ್ತದೆ. ಸವೆದ ಅಕ್ಷರವನ್ನು ತೆರೆಯ ಮೇಲೆ ಬೆಳಕು ಓರೆಯಾಗಿ ಹಾಯಿಸಿ ಓದುವ ಆ ಸವಲತ್ತು ಶಿಕಾರಿಪುರ, ಸೊರಬದ ಕಲ್ಲುಗಳಿಗೂ ಬರಬೇಕು.

ತೇದಿಯ ವಿಷಯಕ್ಕೆ ಒಂದು ಸಣ್ಣ ಉಪಾಯ ಹೇಳಿಬಿಡುತ್ತೇನೆ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಸುಮಾರಾಗಿ ಸಿಗುವುದು ಎಲ್ಲರಿಗೂ ಗೊತ್ತು. ಸಂವತ್ಸರ ತಾಳೆಯಾಗುತ್ತದೆಯೇ ನೋಡಲು ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಶಕ 1084 ಆದರೆ 1096 ಬರುತ್ತದೆ, ಶೇಷ 16, ಹದಿನಾರನೆಯ ಸಂವತ್ಸರ ಚಿತ್ರಭಾನು. ತಿಥಿ ವಾರದ ಮಟ್ಟಕ್ಕೆ ಇಳಿಯಬೇಕಾದರೆ ಜಪಾನಿನ ವಿದ್ವಾಂಸ ಮಿಚಿಯೊ ಯಾನೊ ಸಿದ್ಧಪಡಿಸಿದ ಪಂಚಾಂಗ ತಂತ್ರಾಂಶವಿದೆ.

ಪೆಟ್ಟು ತಿಂದ ಎರಡು ಪ್ರಸಂಗಗಳಿವೆ. ಒಂದು ಸಂಸ್ಥೆಯ ತಾಣದಲ್ಲಿದ್ದ ಹಸ್ತಪ್ರತಿ ಸೂಚಿಯನ್ನು ನಂಬಿ, ಟಿಪ್ಪಣಿಗಳಲ್ಲಿ ಬರೀ ಅದರ ಕೊಂಡಿಗಳನ್ನು ಅಂಟಿಸಿಕೊಂಡಿದ್ದೆ. ಒಂದು ಬೆಳಿಗ್ಗೆ ತಾಣದ ವಿಳಾಸವೇ ಬದಲಾಯಿತು, ಎರಡು ವರ್ಷದ ಕೊಂಡಿಗಳಲ್ಲಿ ಒಂದೂ ತೆರೆಯಲಿಲ್ಲ. ಹಸ್ತಪ್ರತಿಯ ಸಂಖ್ಯೆ ಬರೆದುಕೊಂಡಿದ್ದರೆ ಮತ್ತೆ ಹುಡುಕಬಹುದಿತ್ತು. ಇನ್ನೊಂದು ಗ್ರಂಥಾಲಯದವರು ಸ್ಕ್ಯಾನ್ ಮಾಡಿದ ಹಳೆಯ ಸಂಪುಟದಲ್ಲಿ ನನಗೆ ಬೇಕಾದ ಎರಡು ಪುಟಗಳೇ ಇರಲಿಲ್ಲ, ಹಾಳೆ ಮಗುಚುವಾಗ ಅಂಟಿಕೊಂಡಿರಬೇಕು. ಮೈಸೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಅಚ್ಚಿನ ಪ್ರತಿಯಿಂದ ಫೋಟೊ ತೆಗೆದು ಕಳಿಸುವವರೆಗೆ ಲೇಖನ ನಿಂತೇ ಇತ್ತು.

2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ, 2024ರ ಅಕ್ಟೋಬರಿನಲ್ಲಿ ಅಂತರಜಾಲ ಭಂಡಾರದ ಮೇಲೆ ಸೈಬರ್ ದಾಳಿ ನಡೆದವು. ಎರಡನೆಯದು ನಡೆದಾಗ ನಾನು ವಿದ್ಯಾರ್ಥಿಗಳಿಗೆ ತಾಳಗುಂದದ ಸ್ತಂಭಶಾಸನದ ಪಾಠ ಮಾಡುತ್ತಿದ್ದೆ, ಪುಟ ತೆರೆಯಲಿಲ್ಲ. ಅಂದಿನಿಂದ ಕೆಲಸಕ್ಕೆ ಬೇಕಾದ ಪ್ರತಿ ಸಂಪುಟವನ್ನೂ ಇಳಿಸಿಕೊಂಡು ಎರಡು ಪೆನ್‌ಡ್ರೈವ್‌ಗಳಲ್ಲಿ ಇಟ್ಟಿದ್ದೇನೆ. ಒಂದು ನನ್ನ ಮೇಜಿನ ಖಾನೆಯಲ್ಲಿದೆ. ಇನ್ನೊಂದು ಇರುವುದು ಅಂದು ವಚನದ ಸಂಖ್ಯೆ ಕೇಳಿದ ಹುಡುಗಿಯ ಬಳಿ. ಅವಳೀಗ ಪಕ್ಕದ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಹೋದ ತಿಂಗಳು ಫೋನ್ ಮಾಡಿ, “ಸರ್, ‘ದಾಸೋಹ’ದ ಏಳೂ ವಿಭಕ್ತಿ ಮುಗಿಸಿದೆ, ಪಟ್ಟಿ ಕಳಿಸಲೇ?” ಎಂದಳು. ಆ ಪಟ್ಟಿಯನ್ನು ಈಗ ಓದುತ್ತಿದ್ದೇನೆ.