ಕಾರ್ಪೆಟ್ ಕ್ಲೀನಿಂಗ್ ಶುರು ಮಾಡುವವರಿಗೆ: ಯಾವ ಕೆಮಿಕಲ್ ಕೊಳ್ಳುವುದು?

ಕೋಲಾರದಲ್ಲಿ ಈ ಕೆಲಸ ಶುರು ಮಾಡುತ್ತೇನೆ, ಏನು ಕೊಳ್ಳಲಿ ಎಂದು ಕೇಳಿದ್ದೀರಿ. ಆಯ್ಕೆ ಮುಖ್ಯವಾಗಿ ಮೂರರ ನಡುವೆ: ಕ್ಷಾರದ ಶಾಂಪೂ, ನ್ಯೂಟ್ರಲ್ ಶಾಂಪೂ, ಎನ್‌ಕ್ಯಾಪ್ಸುಲೇಷನ್ ದ್ರಾವಣ (ಕೊಳೆಯನ್ನು ಸುತ್ತಿಕೊಂಡು ಒಣಗಿ ಹರಳಾಗುವಂಥದ್ದು).

ಬೆಲೆಯನ್ನು ಕ್ಯಾನ್ ಲೆಕ್ಕದಲ್ಲಿ ನೋಡಬೇಡಿ. ಲೀಟರ್‌ಗೆ ಎಷ್ಟು ನೀರು ಬೆರೆಸಬಹುದು ಎಂದು ನೋಡಿ. 1:20ರ ಅಗ್ಗದ ಕ್ಯಾನ್‌ಗಿಂತ 1:60ರ ದುಬಾರಿ ಕ್ಯಾನೇ ಕಡಿಮೆಗೆ ಬೀಳಬಹುದು.

ಕಲ್ಯಾಣ ಮಂಟಪ, ಹೋಟೆಲ್‌ಗಳ ನೈಲಾನ್ ಕಾರ್ಪೆಟ್‌ನ ಎಣ್ಣೆ ಜಿಡ್ಡಿಗೆ ಕ್ಷಾರದ್ದೇ ಸರಿ. ಉಣ್ಣೆಗೆ ಮಾತ್ರ ಬೇಡವೇ ಬೇಡ. ಪಿಎಚ್ (ಆಮ್ಲ, ಕ್ಷಾರದ ಅಳತೆ; 7 ಎಂದರೆ ಎರಡೂ ಅಲ್ಲ) ಸುಮಾರು 8.5 ದಾಟಿದರೆ ಎಳೆ ಹಾಳಾಗಬಹುದು, ಬಣ್ಣ ಬಿಡಬಹುದು. ಮನೆಗಳ ಉಣ್ಣೆ ಕಾರ್ಪೆಟ್‌ಗೆ ಪಿಎಚ್ 7ರ ಆಸುಪಾಸಿನ ನ್ಯೂಟ್ರಲ್ ತೆಗೆದುಕೊಳ್ಳಿ. ಪ್ರೋಟೀನ್ ಕರಗಿಸುವ ಎನ್‌ಜೈಮ್ ಕೂಡ ಉಣ್ಣೆ, ರೇಷ್ಮೆಗೆ ಆಗುವುದಿಲ್ಲ. ಅವೂ ಪ್ರೋಟೀನೇ ಅಲ್ವಾ?

ಇನ್ನು ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಕೆಮಿಕಲ್ ಜಾಸ್ತಿ ಬೇಕಾಗುತ್ತದೆ, ಜಾಲಿಸುವುದೂ ಕಷ್ಟ. ಶಾಂಪೂ ಒಳಗೇ ಉಳಿದರೆ ಕಾರ್ಪೆಟ್ ಬೇಗ ಮತ್ತೆ ಧೂಳು ಹಿಡಿಯುತ್ತದೆ, ಗಿರಾಕಿ ನಿಮ್ಮನ್ನೇ ಕೇಳುತ್ತಾರೆ. ಕ್ಷಾರದ್ದು ಬಳಸಿದರೆ ಕೊನೆಗೆ ತೆಳುವಾದ ಆಮ್ಲದ ರಿನ್ಸ್ ಕೊಡಲೇಬೇಕು. ಎನ್‌ಕ್ಯಾಪ್ಸುಲೇಷನ್‌ಗೆ ನೀರು ಬಹಳ ಕಡಿಮೆ ಸಾಕು. ಒಣಗಿ ಹರಳಾದ ಕೊಳೆ ವ್ಯಾಕ್ಯೂಮ್‌ಗೆ ಬರುತ್ತದೆ. ಬೇಗ ಒಣಗುವುದರಿಂದ ನರಸಾಪುರದ ಕಂಪನಿ ಆಫೀಸುಗಳಿಗೆ ಒಪ್ಪುತ್ತದೆ. ವರ್ಷಗಟ್ಟಲೆ ಕೂತ ಕೊಳೆಗೆ ಅದು ಸಾಲದು.

ಕೈಯಲ್ಲಿ ದುಡ್ಡು ಕಡಿಮೆ, ಮನೆ ಕೆಲಸವೇ ಜಾಸ್ತಿ ಎಂದರೆ ನ್ಯೂಟ್ರಲ್‌ನಿಂದ ಶುರು ಮಾಡಿ. ಮಂಟಪದ ಕೆಲಸ ಸಿಕ್ಕಾಗ ಕ್ಷಾರದ್ದು ಕೊಂಡರೆ ಸಾಕು. ಯಾವುದೇ ಆಗಲಿ, ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ, ಬಿಳಿ ಬಟ್ಟೆಯಿಂದ ಒತ್ತಿ, ಬಣ್ಣ ಬರುತ್ತದೆಯೇ ನೋಡಿ.