ಮೊಳೆ, ಬಣ್ಣದ ಡಬ್ಬಿಗಳ ನಡುವೆ ನಿಂತಿರುವ ದಾಖಲೆ: ಇನ್ವರ್‌ಕಾರ್ಗಿಲ್‌ನ ಇ. ಹೇಯ್ಸ್ ಅಂಗಡಿ

ನ್ಯೂಜಿಲೆಂಡಿನ ದಕ್ಷಿಣದ ಅಂಚಿನಲ್ಲಿರುವ ಇನ್ವರ್‌ಕಾರ್ಗಿಲ್ ನಗರದ ಡೀ ಸ್ಟ್ರೀಟ್‌ನಲ್ಲಿ ಇ. ಹೇಯ್ಸ್ ಅಂಡ್ ಸನ್ಸ್ ಎಂಬ ಹಾರ್ಡ್‌ವೇರ್ ಅಂಗಡಿಯಿದೆ. ಸುತ್ತಿಗೆ, ಮೊಳೆ, ಬಣ್ಣದ ಡಬ್ಬಿ, ತೋಟದ ಸಲಕರಣೆಗಳನ್ನು ಮಾರುವ ಈ ಅಂಗಡಿಯೊಳಗೇ ಹಳೆಯ ಮೋಟಾರ್‌ಸೈಕಲ್ಲುಗಳನ್ನೂ ಕಾರುಗಳನ್ನೂ ನಿಲ್ಲಿಸಿದ್ದಾರೆ. ನೋಡುವುದಕ್ಕೆ ಟಿಕೆಟ್ ಇಲ್ಲ. ನಾನು ಅಲ್ಲಿಗೆ ಹೋದದ್ದು ಅವುಗಳಲ್ಲಿ ಒಂದನ್ನು, ವೇಗದ ದಾಖಲೆ ಮಾಡಿದ ಇದೇ ಊರಿನ ಬರ್ಟ್ ಮನ್ರೋ ಅವರ ಮೋಟಾರ್‌ಸೈಕಲ್ಲನ್ನು, ಅಂದರೆ ‘ಇಂಡಿಯನ್’ ಎಂಬ ಅಮೆರಿಕದ ಕಂಪನಿಯ 1920ರ ಸ್ಕೌಟನ್ನು, ಕಣ್ಣಾರೆ ಕಾಣುವುದಕ್ಕಾಗಿ.

ಮನ್ರೋ ಈ ಗಾಡಿಯನ್ನು ಕೊಂಡಾಗ ಅದು 600 ಸಿಸಿಯದು. ಗಂಟೆಗೆ 55 ಮೈಲಿಗಿಂತ ಹೆಚ್ಚು ಓಡುತ್ತಿರಲಿಲ್ಲ. ಹಗಲು ಮೋಟಾರ್‌ಸೈಕಲ್ ಮಾರುವ ಕೆಲಸ, ರಾತ್ರಿ ಶೆಡ್ಡಿನಲ್ಲಿ ಅದೇ ಎಂಜಿನ್ನಿನ ಜೊತೆ ಒದ್ದಾಟ ಎಂದು ದಶಕಗಳನ್ನೇ ಕಳೆದ ಅವರು, ಹಳೆಯ ತಗಡಿನ ಡಬ್ಬಿಗಳಲ್ಲಿ ಲೋಹ ಎರಕ ಹೊಯ್ದು ಪಿಸ್ಟನ್ ಮಾಡಿಕೊಂಡರು, ಟ್ರ್ಯಾಕ್ಟರಿನ ಆಕ್ಸಲ್ಲನ್ನು ಕೈಯಲ್ಲೇ ಕೆತ್ತಿ ಕನೆಕ್ಟಿಂಗ್ ರಾಡ್ ಮಾಡಿಕೊಂಡರು, ಅಳತೆಗೆ ಹಳೆಯ ಸ್ಪೋಕ್ ಒಂದನ್ನು ಬಳಸಿದರು. ಹೀಗೆ ಬೆಳೆದು 950 ಸಿಸಿ ಮುಟ್ಟಿದ ಎಂಜಿನ್ನಿನೊಂದಿಗೆ ಅವರು 1967ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿಗೆ ಹೋಗಿ, ಗಾಡಿಗೆ ತೊಡಿಸಿದ ಗಾಳಿ ಸೀಳುವ ಕವಚದೊಳಗೆ ಬೋರಲು ಮಲಗಿ ಗಾಡಿ ಓಡಿಸಿದರು. 1000 ಸಿಸಿಗಿಂತ ಕಡಿಮೆಯ ವರ್ಗದಲ್ಲಿ ದಾಖಲಾದ ವೇಗ ಗಂಟೆಗೆ 183.59 ಮೈಲಿ. ಅರ್ಹತಾ ಓಟವೊಂದರಲ್ಲಿ ಗಾಡಿ 190.07 ಮೈಲಿ ಮುಟ್ಟಿತ್ತಾದರೂ, ದಾಖಲೆಗೆ ಎರಡು ಓಟಗಳ ಸರಾಸರಿಯೇ ಬೇಕಾದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. ಆ ಸರಾಸರಿಯ ಲೆಕ್ಕವೇ ತಪ್ಪಿತ್ತೆಂಬುದನ್ನು ಅವರ ಮಗ ಗುರುತಿಸಿದ ಮೇಲೆ, 2014ರಲ್ಲಿ ಅಮೆರಿಕದ ಮೋಟಾರ್‌ಸೈಕಲ್ ಸಂಘ ಅಂಕಿಯನ್ನು 184.087ಕ್ಕೆ, ಅಂದರೆ ಸುಮಾರು 296 ಕಿಲೋಮೀಟರಿಗೆ, ತಿದ್ದಿತು. ಮನ್ರೋ ತೀರಿಕೊಂಡು ಆಗಲೇ 36 ವರ್ಷಗಳಾಗಿದ್ದವು.

ಇದನ್ನೆಲ್ಲ ಓದಿಕೊಂಡೇ ಹೋಗಿದ್ದ ನನಗೂ ಅವರು ಕೈಯಾರೆ ಮಾಡಿದ ಬಿಡಿಭಾಗಗಳ ಮುಂದೆ ನಿಂತಾಗ ಮಾತು ಹೊರಡಲಿಲ್ಲ. ಗಾಡಿಗಿಂತ ಹೆಚ್ಚು ಹೊತ್ತು ನಾನು ಕಳೆದದ್ದು ಅವುಗಳೆದುರಿಗೆ. ಇಷ್ಟು ಒರಟಾದ ತುಂಡುಗಳು ಆ ವೇಗವನ್ನು ತಡೆದುಕೊಂಡವೇ ಎಂಬ ಅನುಮಾನ ನೋಡಿದಷ್ಟೂ ಹೆಚ್ಚುತ್ತದೆ. ಎಷ್ಟೋ ಸಲ ತಡೆದುಕೊಳ್ಳಲಿಲ್ಲ ಎಂಬುದೇ ಉತ್ತರ. ಪಕ್ಕದಲ್ಲೇ ಯಾರೋ ಸ್ಕ್ರೂ ಪೊಟ್ಟಣದ ಬೆಲೆ ವಿಚಾರಿಸುತ್ತಿದ್ದರು. ಈ ಗಾಡಿಗೆ ಸರಿಯಾದ ಜಾಗ ಇದೇ ಎಂದು ನನಗೆ ಅನ್ನಿಸಿದ್ದು ಆಗ. ಗಾಜಿನ ಕೋಣೆಯ ಮಂದ ಬೆಳಕಿನಲ್ಲಿಟ್ಟಿದ್ದರೆ ಅದು ಪವಾಡದಂತೆ ಕಾಣುತ್ತಿತ್ತು. ಇಲ್ಲಿ ಅದು ಲೋಹ, ಉಪಕರಣ ಮತ್ತು ಹಟದಿಂದಾದ ಕೆಲಸವಾಗಿಯೇ ಕಾಣುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಬಿಡಿಭಾಗಗಳನ್ನು ಲೇತಿನಲ್ಲಿ ಮಾಡಿಸಿಕೊಂಡು ಯೆಜ್ದಿ ಓಡಿಸುತ್ತ ಬಂದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಿಶ್ಶಬ್ದವಾದ ವಸ್ತುಸಂಗ್ರಹಾಲಯವನ್ನು ನಿರೀಕ್ಷಿಸಿ ಹೋಗುವವರಿಗೆ ಈ ಅಂಗಡಿ ಒಗ್ಗಲಾರದು. ಮನ್ರೋ ಅವರ ಕಥೆಯನ್ನು ಸ್ವಲ್ಪವಾದರೂ ತಿಳಿದುಕೊಂಡು ಹೋದರೆ ನೋಟದ ರುಚಿ ಹೆಚ್ಚುತ್ತದೆ. ಅವರ ಇನ್ನೊಂದು ಮೋಟಾರ್‌ಸೈಕಲ್ ವೆಲೊಸೆಟ್ ಕೂಡ ಅಲ್ಲೇ ಇದೆ, ಅದನ್ನು ಮರೆಯಬಾರದು. ಫೆಬ್ರವರಿಯಲ್ಲಿ ಮನ್ರೋ ಹೆಸರಿನ ಪಂದ್ಯಾವಳಿ ನಡೆಯುವಾಗ ಊರು ತುಂಬಿರುವುದರಿಂದ, ನಿಧಾನವಾಗಿ ನೋಡಬೇಕೆನ್ನುವವರು ಬೇರೆ ತಿಂಗಳನ್ನು ಆರಿಸಿಕೊಳ್ಳುವುದು ಲೇಸು. ಅವರು ಗಾಡಿಯನ್ನು ಪರೀಕ್ಷಿಸುತ್ತಿದ್ದ ಒರೆಟಿ ಕಡಲತೀರಕ್ಕೂ ಅದೇ ದಿನ ಹೋಗಿಬರಬಹುದು.

ಹೊರಡುವಾಗ ಬರಿಗೈಯಲ್ಲಿ ಬರಲು ಮನಸ್ಸಾಗದೆ ಲೋಹ ಉಜ್ಜುವ ಒಂದು ಅರ ಕೊಂಡೆ. ವಿಮಾನದಲ್ಲಿ ಕೈಚೀಲದೊಳಗೆ ಅದನ್ನು ಒಯ್ಯಲು ಬಿಡುವುದಿಲ್ಲವೆಂಬುದು ನೆನಪಾದದ್ದು ಹಣ ಕೊಟ್ಟ ಮೇಲೆ.