ಕವರ್ ಚಾರ್ಜ್‌ನಲ್ಲಿ ಪಾಲು ಕೊಡುತ್ತೇವೆ ಎಂದರೆ ಮೊದಲು ಕೂಪನ್ ಬಗ್ಗೆ ಕೇಳಿ

ಬೆಂಗಳೂರಿನ ಪಬ್‌ಗಳಲ್ಲಿ ಸ್ವಂತ ಹಾಡುಗಳನ್ನು ನುಡಿಸಲು ಹೊರಟಿರುವ ಹೊಸ ಬ್ಯಾಂಡ್‌ಗಳವರು ಇದನ್ನು ಓದಿಕೊಂಡು ಹೋಗಿ. ಇಂದಿರಾನಗರದ ಪಬ್ ಒಂದು ನಮಗೆ ಹಾಕಿದ ಟೋಪಿಯ ವಿವರ ಇಲ್ಲಿದೆ.

ನಿಗದಿತ ಸಂಭಾವನೆ ಇರಲಿಲ್ಲ. ಬಾಗಿಲಲ್ಲಿ ವಸೂಲಾಗುವ ಕವರ್ ಚಾರ್ಜ್‌ನಲ್ಲಿ ಶೇ 60 ನಮಗೆ ಎಂದು ಮಾತಾಗಿತ್ತು. ವಾಟ್ಸ್‌ಆ್ಯಪ್ ಸಂದೇಶ ಈಗಲೂ ಇದೆ. ತಲೆಗೆ 500 ರೂಪಾಯಿ, ಬಂದವರು 80 ಮಂದಿ. ಬಹುಪಾಲು ನಮ್ಮ ಗೆಳೆಯರು, ನೆಂಟರು, ನಮ್ಮ ಹಾಡು ಕೇಳಲೆಂದೇ ಹಣ ಕೊಟ್ಟವರು. ವಸೂಲಾದ 40,000ದಲ್ಲಿ ನಮ್ಮ ಪಾಲು 24,000.

ವಾದ್ಯಗಳನ್ನು ಕಟ್ಟಿಡುವ ಹೊತ್ತಿಗೆ ಮ್ಯಾನೇಜರ್ ಚೀಟಿ ಹಿಡಿದು ಬಂದರು. "ಸರ್, 500ರಲ್ಲಿ 400 ಊಟ, ಪಾನೀಯದ ಕೂಪನ್. ಅದು ಹೋಟೆಲಿನ ಬಿಲ್ಲಿಗೆ ಸೇರಿತು. ನಿಮ್ಮ ಲೆಕ್ಕ ಉಳಿದ 100ರ ಮೇಲೆ." ಅಲ್ಲಿಗೆ ನಮ್ಮ ಪಾಲು 4,800ಕ್ಕೆ ಇಳಿಯಿತು. ಜನರನ್ನು ಕರೆತಂದವರು ನಾವು, ಅವರು ಕುಡಿದ ಬಿಯರಿನ ಲಾಭ ಪೂರ್ತಿ ಪಬ್ಬಿನದು! ಅದರಲ್ಲೂ ಸೌಂಡ್ ಎಂಜಿನಿಯರ್‌ಗೆಂದು 1,500, ಅವರದೇ ವೇದಿಕೆಯಲ್ಲಿ ಸದಾ ಇರುವ ಡ್ರಮ್ ಕಿಟ್‌ನ ಬಾಡಿಗೆ 1,000, "ಹಾಡಿನ ಲೈಸೆನ್ಸ್" 500 ಕಳೆದರು. ಅಂದು ನುಡಿಸಿದ್ದೆಲ್ಲ ನಾವೇ ಬರೆದು ಸಂಯೋಜಿಸಿದ ಹಾಡುಗಳು. ಬೇರೆಯವರ ಹಾಡು ನುಡಿಸಿದ್ದರೂ ಐಪಿಆರ್‌ಎಸ್ (ಹಾಡು ಬರೆದವರ, ಸಂಯೋಜಿಸಿದವರ ಪರವಾಗಿ ರಾಯಧನ ವಸೂಲು ಮಾಡುವ ಸಂಸ್ಥೆ) ಪರವಾನಗಿ ಪಡೆಯಬೇಕಾದವರು ಕಾರ್ಯಕ್ರಮ ನಡೆಸುವವರು. ಉಳಿದ 1,800ಕ್ಕೂ ಶೇ 10 ಟಿಡಿಎಸ್ (ಹಣ ಕೊಡುವವರೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿದು, ನಾಲ್ವರ ಕೈಗೆ 1,620 ರೂಪಾಯಿ ಇಟ್ಟರು. ಆಂಪ್, ಕೀಬೋರ್ಡ್ ಸಾಗಿಸಿದ ಟೆಂಪೊ ಬಾಡಿಗೆಯೇ ಅದಕ್ಕಿಂತ ಜಾಸ್ತಿ.

ಟಿಡಿಎಸ್‌ನದು ಇನ್ನೊಂದು ಕಥೆ. ವೃತ್ತಿಪರ ಶುಲ್ಕಕ್ಕೆ 2025ರ ಏಪ್ರಿಲ್‌ನಿಂದ ವಾರ್ಷಿಕ ಮಿತಿ 50,000 ರೂಪಾಯಿ. ಇಷ್ಟು ಪುಡಿಗಾಸಿಗೆ ಕಡಿತವೇ ಬೇಕಿರಲಿಲ್ಲ. ಪ್ಯಾನ್ ಸಂಖ್ಯೆ ಕೇಳಿದವರೂ ಇಲ್ಲ, ಪ್ರಮಾಣಪತ್ರ ಕೊಟ್ಟವರೂ ಇಲ್ಲ. ಕೇಳಿದಾಗ "ಅಕೌಂಟ್ಸ್‌ನವರು ಕಳುಹಿಸುತ್ತಾರೆ" ಎಂದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಎಲ್ಲ ಪಬ್‌ಗಳೂ ಹೀಗಿಲ್ಲ. ಸೌಂಡ್ ಚೆಕ್‌ಗೆ ಮೊದಲೇ ಅರ್ಧ ಹಣ ಕೊಟ್ಟ ಜಾಗದಲ್ಲೂ ನಾವು ನುಡಿಸಿದ್ದೇವೆ. ಆದರೆ ಪಾಲಿನ ಮಾತು ಬಂದರೆ, ಕೂಪನ್ ಕಳೆಯುವ ಮೊದಲಿನ ಮೊತ್ತದಲ್ಲೋ ನಂತರದ್ದರಲ್ಲೋ ಎಂದು ಬರಹದಲ್ಲಿ ಕೇಳಿ. ಜನ ಬರಲಿ, ಬಿಡಲಿ, ಕನಿಷ್ಠ ಇಷ್ಟು ಎಂಬ ಮೊತ್ತ ಬರೆಸಿಕೊಳ್ಳಿ. ಬಾಗಿಲಲ್ಲಿ ಎಣಿಸಲು ನಿಮ್ಮವರೊಬ್ಬರು ನಿಂತಿರಲಿ. ಪೊಲೀಸರು ಬಂದು ನಿಲ್ಲಿಸಿದರೆ ಹಣವಿಲ್ಲ ಎಂಬ ಷರತ್ತಿಗೆ ಒಪ್ಪಲೇಬೇಡಿ. ಬೆಂಗಳೂರಿನಲ್ಲಿ ಇಂಥ ಕಾರ್ಯಕ್ರಮಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಲೈವ್ ಸಂಗೀತಕ್ಕೆ ಪರವಾನಗಿ ಇಟ್ಟುಕೊಳ್ಳುವ ಹೊಣೆ ಪಬ್ಬಿನದು.

"ಹಣ ಕಡಿಮೆ, ಆದರೆ ಒಳ್ಳೆಯ ಪ್ರಚಾರ ಸಿಗುತ್ತದೆ" ಎಂದು ನಮಗೂ ಹೇಳಿದ್ದರು. ಅವರ ಇನ್‌ಸ್ಟಾಗ್ರಾಂ ಪೋಸ್ಟರಿನಲ್ಲಿ ಬ್ಯಾಂಡಿನ ಹೆಸರೇ ತಪ್ಪಾಗಿತ್ತು.